ಮುಕ್ರಮನ ಡೈರೆಕ್ಟರಿ

ಎದುರಿಗೆ ಸಿಕ್ಕಾಗ ನಾನು ಅವನನ್ನು ಮುಕ್ರಮ ಭಾಯ್ ಎಂದೇ ಕರೆಯುತ್ತೇನೆ, ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಮಾತ್ರ ಅವನು ಎನ್ನುತ್ತೇನೆ. ಒಂದು, ನನಗಿಂತ ಸಣ್ಣವನು. ಇನ್ನೊಂದು, ಹೊಟ್ಟೆಕಿಚ್ಚಿನ ಸುದ್ದಿ ಹೇಳುವಾಗ ಬಹುವಚನ ಯಾರಿಗೂ ಒಪ್ಪುವುದಿಲ್ಲ.

ಆಳಂದದ ನಮ್ಮ ಕಾಲೇಜಿನಲ್ಲಿ ಲೈಬ್ರರಿ ನನ್ನದು. ಅದರ ಗೋಡೆಗೆ ಹತ್ತಿದ ಸಣ್ಣ ಕೋಣೆ ಮುಕ್ರಮನದು. ಅಲ್ಲಿ ಏಸಿ ಇದೆ. ನನ್ನ ಕಡೆ ಫ್ಯಾನು ಸಹ ಮನಸ್ಸು ಬಂದರೆ ತಿರುಗುತ್ತದೆ. ಯಂತ್ರಕ್ಕೆ ಸೆಕೆ ಆಗಬಾರದಂತೆ, ಗುರಮ್ಮನಿಗೆ, ಅಂದರೆ ನನಗೆ, ಆದರೆ ನಡೆಯುತ್ತದಂತೆ. ಇರಲಿ ಬಿಡಿ.

ಆ ಯಂತ್ರದ ಹೆಸರು ಡೈರೆಕ್ಟರಿ ಸರ್ವರ್. ನಮ್ಮ ಸಂಸ್ಥೆಗೆ ಆಳಂದ, ಅಫಜಲಪುರ ಎರಡು ಕಡೆ ಕಾಲೇಜಿತ್ತು, ಈ ವರ್ಷ ಜೇವರ್ಗಿಯದೂ ಸೇರಿತು. ಎಲ್ಲ ಕಡೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗುಮಾಸ್ತರು ಎಲ್ಲರ ಹೆಸರು, ಪಾಸ್‌ವರ್ಡು ಆ ಯಂತ್ರದೊಳಗೆ. ಲ್ಯಾಬಿನ ಕಂಪ್ಯೂಟರ್ ತೆರೆಯಬೇಕಾದರೂ, ಫೀಸು ಕಟ್ಟಬೇಕಾದರೂ, ನನ್ನಲ್ಲಿ ಒಂದು ಪುಸ್ತಕ ಹುಡುಕಬೇಕಾದರೂ, ಇವರು ನಮ್ಮವರೇ ಎಂದು ಮೊದಲು ಅದನ್ನು ಕೇಳಬೇಕು. ಅದು ಇಲ್ಲ ಎಂದರೆ ಪ್ರಿನ್ಸಿಪಾಲರಾದರೂ ಬಾಗಿಲ ಹೊರಗೆ.

ಅದರಲ್ಲಿ ಹೆಸರು ಸೇರಿಸುವುದು, ತಿದ್ದುವುದು ಮುಕ್ರಮನ ಕೆಲಸ. ಅವನು ಮೌಸ್ ಮುಟ್ಟುವವನಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಸೇರಿಸುವುದಕ್ಕೆ ಎಲ್‌ಡ್ಯಾಪ್ ಆ್ಯಡ್, ತಿದ್ದುವುದಕ್ಕೆ ಎಲ್‌ಡ್ಯಾಪ್ ಮಾಡಿಫೈ ಎಂಬ ಎರಡು ಕಮಾಂಡು. ಗುಂಡಿ, ಚಿತ್ರ ಇರುವ ಸಾಫ್ಟ್‌ವೇರ್ ಯಾರಾದರೂ ತೋರಿಸಿದರೆ ಮೂಗು ಮುರಿಯುತ್ತಿದ್ದ. ಅವನ ತಂದೆ ಲಾಡ್ಲೆಸಾಬರು ಗಾದಿ ಹೊಲಿಯುತ್ತಿದ್ದವರು. ನನ್ನ ಮದುವೆಯ ಗಾದಿ ಅವರದೇ ಕೈಯದು. ಮಗ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದಾಗ ಕಲಿಸಿಕೊಡುವವರು ಒಬ್ಬರೂ ಇರಲಿಲ್ಲ. ಪರದೆಯ ಮೇಲೆ ಬರುವ ತಪ್ಪಿನ ಸಾಲುಗಳನ್ನೇ ಓದಿ ಓದಿ ಕಲಿತ. ಆಮೇಲೆ ಎರಡೂ ಊರಿನ ಕಾಲೇಜಿಗೆ ಅವನೇ ಗತಿಯಾದ. "ಮುಕ್ರಮ ಸರ ಅದಾರೇನ್ರಿ?" ಎಂದು ಬೆಳಗಿನಿಂದ ಫೋನು. ಗೊಣಗುತ್ತಲೇ ಎತ್ತುತ್ತಿದ್ದ. ಫೋನು ಬಾರದ ದಿನ ಅದನ್ನು ಕಿವಿಗಿಟ್ಟು ಕೆಟ್ಟಿದೆಯೇ ಎಂದು ಪರೀಕ್ಷಿಸುತ್ತಿದ್ದದ್ದನ್ನೂ ನಾನು ನೋಡಿದ್ದೇನೆ.

ಭಾಗ್ಯಾ ಬಂದದ್ದು ಆಮೇಲೆ. ನಿಂಬರ್ಗಾದ ಹುಡುಗಿ, ಲ್ಯಾಬಿನ ಕೆಲಸಕ್ಕೆ ಸೇರಿದಳು. ಬಿಡುವಾದಾಗಲೆಲ್ಲ ಮುಕ್ರಮನ ಕೋಣೆಯಲ್ಲಿ ನಿಂತು ನೋಡುತ್ತಿದ್ದಳು. ಅವನಿಗೋ ಹೇಳಿಕೊಳ್ಳಲು ಒಂದು ಕಿವಿ ಸಿಕ್ಕಿತ್ತು. ಕುರ್ಚಿ ಹಾಕಿಸಿ ಕೂರಿಸಿಕೊಂಡು ಮನಸ್ಸು ಬಿಚ್ಚಿ ಕಲಿಸಿದ. ಗೋಡೆಯ ಈಚೆಗೆ ಎಲ್ಲವೂ ಕೇಳಿಸುತ್ತಿತ್ತು.

"ಗುಂಪಿನ್ಯಾಗಿಂದ ಒಬ್ಬರನ್ನ ತಗೀಬೇಕಂದ್ರ ಡಿಲೀಟ್ ಮೆಂಬರ್ ಅಂತ ಬರದು, ಕೆಳಗ ಅವರ ಹೆಸರ ಬರೀಬೇಕು. ಹೆಸರ ಬರೀಲಾರದ ಖಾಲಿ ಸಾಲ ಬಿಟ್ಟು ಎಂಟರ್ ಹೊಡದಿ ಅಂದ್ರ ಮುಗೀತು. ಗುಂಪಿನ ಮಂದಿನೆಲ್ಲ ಒರಸಿ ಹಾಕ್ತದ. ಖರೇನೇನು ಅಂತ ಒಂದ ಮಾತ ಸುದ್ದಾ ಕೇಳಂಗಿಲ್ಲ. ತಿಳೀತಾ?"

"ತಿಳೀತ್ರಿ ಸರ."

ತಿಳಿದದ್ದು ಸ್ವಲ್ಪ ಹೆಚ್ಚೇ ಆಯಿತು. ಒಂದು ಮಳೆಗಾಲ ಮುಗಿಯುವುದರೊಳಗೆ ಅವಳು ಕಲಿತಳು. ಮರುವರ್ಷದ ಅಡ್ಮಿಷನ್ನಿಗೆ ತಾನೇ ಒಂದು ಸಣ್ಣ ಪ್ರೋಗ್ರಾಮು ಬರೆದಳು. ಮುಕ್ರಮ ವಾರಗಟ್ಟಲೆ ಕುಳಿತು ಟೈಪು ಮಾಡುತ್ತಿದ್ದ ಹೊಸ ಹೆಸರುಗಳು ಅವನ ಚಹಾ ಆರುವುದರೊಳಗೆ ಸರ್ವರ್ ಸೇರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಕ್ರಮನೂ ತಟ್ಟಿದ, "ನಾ ಕಲಿಸಿದ ಹುಡುಗಿರಿ" ಎಂದ. ಎದೆಯುಬ್ಬಿಸಿ ಹೇಳಿದ ಮಾತೇನೋ ಹೌದು. ಮುಖ ಮಾತ್ರ ಹಾಗಲಕಾಯಿ ತಿಂದವನದಾಗಿತ್ತು.

ಆ ಮೇಲೆ ಫೋನಿನ ಮಾತು ಬದಲಾಯಿತು. "ಭಾಗ್ಯಾ ಮೇಡಂ ಅದಾರೇನ್ರಿ?" ಹಾಗೆ ಕೇಳಿದವರಿಗೆಲ್ಲ ಅವನು "ಇಲ್ಲ" ಎಂದು ಫೋನು ಕುಕ್ಕಿಡುತ್ತಿದ್ದ, ಅವಳು ಪಕ್ಕದಲ್ಲೇ ಕುಳಿತಿದ್ದರೂ. ಅವಳು ಬೇಗ ಟೈಪು ಮಾಡಿದರೆ ಕೀಬೋರ್ಡು ಕೆಡುತ್ತದೆ ಎನ್ನುತ್ತಿದ್ದ. ನಿಧಾನ ಮಾಡಿದರೆ ನಿದ್ದೆ ಬಂತೇನು ಎನ್ನುತ್ತಿದ್ದ. ಅವನ ಹೆಂಡತಿ ಗುಲಫಶಾ ಒಮ್ಮೆ ಸಂತೆಯಲ್ಲಿ ಸಿಕ್ಕಾಗ ನಕ್ಕಳು: "ಅಕ್ಕಾ, ರೊಟ್ಟಿ ತಿನ್ನಾಗೂ ಇವರ ಬಾಯಾಗ ಅಕಿದೇ ಹೆಸರು. ನನಗ ಸಂಶೇ ಬರಬೇಕಿತ್ತು. ಬರೇ ಬೈಗುಳಾನೇ ಬರ್ತಾವಲ್ಲ, ಅದಕ್ಕ ಆರಾಮ ಇದೀನಿ."

ಹೊಟ್ಟೆಯೊಳಗಿನ ಕಿಚ್ಚಿಗೆ ಗಾಳಿ ಹಾಕಿದವರು ನಮ್ಮ ಸಂಸ್ಥೆಯ ಕಾರ್ಯದರ್ಶಿ ಕಲ್ಯಾಣಪ್ಪನವರು. ಜೇವರ್ಗಿಯ ಕಾಲೇಜು ಸೇರಿದ ಮೇಲೆ ಮೂರೂ ಊರಿನ ಡೈರೆಕ್ಟರಿಗೆ ಒಬ್ಬರೇ ಮುಖ್ಯಸ್ಥರು, ಯಾರೆಂದು ಅಡ್ಮಿಷನ್ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದರು. ಮುಕ್ರಮನಿಗೆ ಆ ಕುರ್ಚಿ ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. ಅಫಜಲಪುರದ ಮೀಟಿಂಗಿನಲ್ಲಿ ಅವರು ಎಲ್ಲರ ಮುಂದೆ, "ಭಾಗ್ಯಾ ಇದ್ದಾಳಲ್ಲ, ನನಗ ಚಿಂತಿಲ್ಲ" ಎಂದುಬಿಟ್ಟರು. ಮುಕ್ರಮ ಊಟ ಮಾಡದೆ ಎದ್ದು ಬಸ್ಸು ಹತ್ತಿದ.

ಮರುದಿನ ಮಧ್ಯಾಹ್ನ ಅವನು ಮಾಡಿದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಸರ್ವರಿನಲ್ಲಿ ತಿದ್ದುಪಡಿ ಮಾಡುವ ಅಧಿಕಾರ ಒಂದು ಗುಂಪಿಗಷ್ಟೇ ಇತ್ತು. ಅದರಲ್ಲಿ ಇದ್ದವರು ಮುಕ್ರಮ, ಭಾಗ್ಯಾ, ಮತ್ತು ಹೆಸರಿಗೊಬ್ಬರು ಕಲ್ಯಾಣಪ್ಪನವರು. ಭಾಗ್ಯಾಳನ್ನು ಒಂದು ದಿನದ ಮಟ್ಟಿಗೆ ಆ ಗುಂಪಿನಿಂದ ತೆಗೆಯಬೇಕು. ಅಂದು ಅವಳು ಕುಳಿತಿದ್ದ ಅಫಜಲಪುರದ ಅಡ್ಮಿಷನ್ ಕೌಂಟರಿನಲ್ಲಿ ಅವಳ ಕೈ ಕಟ್ಟಿಹೋಗಬೇಕು. ಮಂದಿ ಹಿಂದಿನಂತೆ "ಮುಕ್ರಮ ಸರ" ಎಂದು ಓಡಿ ಬರಬೇಕು. ಆಮೇಲೆ ಮತ್ತೆ ಸೇರಿಸಿದರಾಯಿತು. ಇಷ್ಟೇ ಅವನ ಹಂಚಿಕೆ.

ಯಾವ ತಿದ್ದುಪಡಿಯನ್ನೂ ಮೊದಲು ಫೈಲಿನಲ್ಲಿ ಬರೆದು, ಪಕ್ಕದವರ ಕೈಯಲ್ಲಿ ಓದಿಸಿ, ಆಮೇಲೆ ಕಳಿಸುವುದು ಅವನೇ ಹಾಕಿದ ಪದ್ಧತಿ. ಆದರೆ ಇದನ್ನು ಯಾರಿಗೆ ಓದಿಸುವುದು? ನೇರವಾಗಿ ಪರದೆಯ ಮೇಲೇ ಹೊಡೆಯಲು ಕುಳಿತ. ಡಿಲೀಟ್ ಮೆಂಬರ್ ಎಂದು ಬರೆದ. ಕೆಳಗಿನ ಸಾಲಿನಲ್ಲಿ ಭಾಗ್ಯಾಳ ಹೆಸರು ಬರೆಯಬೇಕು, ಬೆರಳು ಏಳಲಿಲ್ಲ. ತಾನೇ ಕೂರಿಸಿಕೊಂಡು ಕಲಿಸಿದವಳು. ಹಾಗೇ ನೋಡುತ್ತ ಕುಳಿತ.

ಅದೇ ಹೊತ್ತಿಗೆ ನಾನು ಲೈಬ್ರರಿಯ ಹೊಸ ಹುಡುಗರ ಪಾಸ್‌ವರ್ಡು ಕೇಳಲು ಒಳಗೆ ನುಗ್ಗಿದೆ. ಬಾಗಿಲು ಬಡಿದು ಹೋಗುವುದು ನನಗೆ ಬರುವುದಿಲ್ಲ. ಕಳ್ಳತನದಲ್ಲಿ ಸಿಕ್ಕವನ ಹಾಗೆ ಬೆಚ್ಚಿಬಿದ್ದು ಎಂಟರ್ ಒತ್ತಿದ, ಇನ್ನೊಮ್ಮೆ ಒತ್ತಿದ, ಪರದೆ ಮುಚ್ಚಿ ನನ್ನ ಕಡೆ ತಿರುಗಿದ.

"ಏನ್ರಿ ಅಕ್ಕಾ, ಹಿಂಗ ಬರೋದೇನ್ರಿ?"

"ಏಸಿ ಗಾಳಿ ತಗೊಳ್ಳಾಕ ಬಂದೀನಿ, ರೊಕ್ಕ ಕೊಡಬೇಕೇನ್ರಿ ಭಾಯ್?" ಎಂದೆ ನಾನು.

ಸ್ವಲ್ಪ ಹೊತ್ತಿಗೆ ಭಾಗ್ಯಾಳ ಫೋನು ಬಂತು. "ಸರ, ನನ್ನ ಕಡಿಂದ ಯಾವ ಹೆಸರೂ ಸೇರವಲ್ದು. ಪರ್ಮಿಷನ್ ಇಲ್ಲ ಅನ್ನಾಕತ್ತದ. ನೀವ ಹಾಕ್ರಿ, ಮಂದಿ ಬಿಸಿಲಾಗ ನಿಂತಾರ."

ಹೆಸರು ಬರೆದೆನೋ ಇಲ್ಲವೋ ಎಂಬ ಅನುಮಾನ ಅವನಿಗೆ ಆಗಲೂ ಬರಲಿಲ್ಲ. ಮುಖ ಅರಳಿತು. "ಹೌದಾ? ತಡಿ, ನಾ ನೋಡ್ತೀನಿ" ಎಂದು ಠೀವಿಯಿಂದ ಕುರ್ಚಿ ಎಳೆದುಕೊಂಡು ಎಲ್‌ಡ್ಯಾಪ್ ಆ್ಯಡ್ ಹೊಡೆದ. ಪರದೆ ಅವನಿಗೂ ಅದೇ ಹೇಳಿತು: ಪರ್ಮಿಷನ್ ಇಲ್ಲ. ಇನ್ನೊಮ್ಮೆ ಹೊಡೆದ. ಇಲ್ಲ. ಗುಂಪು ತೆರೆದು ನೋಡಿದ. ಒಳಗೆ ಯಾರೂ ಇರಲಿಲ್ಲ, ಅವಳೂ ಇಲ್ಲ, ಕಲ್ಯಾಣಪ್ಪನವರೂ ಇಲ್ಲ, ಅವನೂ ಇಲ್ಲ. ಏಸಿ ಕೋಣೆಯಲ್ಲಿ ಮನುಷ್ಯ ಬೆವರುವುದನ್ನು ನಾನು ಕಂಡದ್ದು ಅಂದೇ.

ಸರ್ವರಿಗೆ ಒಂದು ಮೂಲ ಪಾಸ್‌ವರ್ಡು ಇರುತ್ತದೆ, ಅದಕ್ಕೆ ಯಾವ ಗುಂಪಿನ ಹಂಗೂ ಇಲ್ಲ. ಒಬ್ಬರ ಕೈಯಲ್ಲೇ ಇರಬಾರದೆಂದು ಅದರ ಅರ್ಧ ಮುಕ್ರಮನಿಗೆ, ಅರ್ಧ ಭಾಗ್ಯಾಳಿಗೆ ಗೊತ್ತಿರುವ ಹಾಗೆ ಇಟ್ಟಿದ್ದರು. ಆ ಕೋಣೆಯ ಯಂತ್ರದ ಮುಂದೆ ಕುಳಿತೇ ಹೊಡೆಯಬೇಕು, ಫೋನಿನಲ್ಲಿ ಹೇಳಬಾರದು. ಅದೂ ಇವನದೇ ನಿಯಮ. ಆದರೂ ಫೋನು ಮಾಡಿ ಕೇಳಿದ. ಅವಳು, "ಫೋನಿನ್ಯಾಗ ಹೇಳಬ್ಯಾಡ ಅಂತ ನೀವೇ ಅಂದೀರಲ್ರಿ ಸರ, ಬರ್ತೀನಿ ತಡೀರಿ" ಎಂದಳು. ಅಡ್ಮಿಷನ್ ನಿಂತಿತು. ಅಫಜಲಪುರದಲ್ಲಿ ಮಣ್ಣೂರಿನಿಂದ ಬಂದ ಹುಡುಗಿಯರು ಕೊನೆಯ ಬಸ್ಸಿನ ಚಿಂತೆಯಲ್ಲಿ, ಜೇವರ್ಗಿಯಲ್ಲಿ ಅಂದೋಲಾದ ಹುಡುಗರು ಗೇಟಿನ ಹತ್ತಿರ. ಕಲ್ಯಾಣಪ್ಪನವರ ಫೋನು ಒಂದರ ಮೇಲೊಂದು ಬಂತು, ಮುಕ್ರಮ ಒಂದನ್ನೂ ಎತ್ತಲಿಲ್ಲ.

ಭಾಗ್ಯಾ ಧೂಳು ತಲೆಯಲ್ಲೇ ಬಂದಳು. ಅವನು ತನ್ನ ಅರ್ಧ ಹೊಡೆದು ಎದ್ದ, ಅವಳು ತನ್ನರ್ಧ ಹೊಡೆದು ಕುಳಿತಳು. ಮೊದಲು ಮೂವರನ್ನೂ ಗುಂಪಿಗೆ ಸೇರಿಸಿದಳು. ಆಮೇಲೆ, ಹೀಗೇಕಾಯಿತು ಎಂದು ಸರ್ವರ್ ತಾನೇ ಬರೆದಿಟ್ಟುಕೊಂಡ ಸಾಲುಗಳನ್ನು ತೆರೆದಳು. ಮಾಡಿದವರು: ಮುಕ್ರಮ. ಡಿಲೀಟ್ ಮೆಂಬರ್. ಕೆಳಗೆ ಖಾಲಿ.

ಅವಳು ಬಹಳ ಹೊತ್ತು ಆ ಖಾಲಿಯನ್ನೇ ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಗಬೇಕಿತ್ತು, ಹೋಗಲಿಲ್ಲ.

"ಯಾರನ್ನ ತಗೀಲಾಕತ್ತಿದ್ರಿ ಸರ?"

ಮುಕ್ರಮ ಏಸಿಯ ರಿಮೋಟು ಎತ್ತಿ ಮತ್ತೆ ಕೆಳಗಿಟ್ಟ.

"ನಿಮ್ಮನ್ನ ನೀವು ತಗೀಲಾರ್ರಿ. ಸಾಹೇಬರನ್ನ ತಗೀಲಾರ್ರಿ." ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು. "ನನ್ನ ಹೆಸರ ಬರೀಬೇಕಿತ್ರಿ. ನಾ ಒಬ್ಬಾಕಿ ಹೋಗ್ತಿದ್ದೆ. ಅಷ್ಟು ಮಂದಿಗಿ ತ್ರಾಸರ ತಪ್ಪತಿತ್ತು."

ಅಷ್ಟರಲ್ಲಿ ಕಲ್ಯಾಣಪ್ಪನವರು ಕಾರಿಳಿದು ಕೂಗಾಡುತ್ತ ಒಳಗೆ ಬಂದರು. "ಏನಾಗಿತ್ತು? ಯಾರ ಮಾಡಿದ್ದು ಇದು?"

"ಈಗ ಸರಿ ಆಗ್ಯಾದ್ರಿ" ಎಂದಳು ಭಾಗ್ಯಾ. "ಹೆಂಗಾತು ಅಂತ ಮುಕ್ರಮ ಸರನ್ನ ಕೇಳ್ರಿ."

ಹೇಳಲು ಅವನಿಗೆ ಅವಕಾಶ ಕೊಟ್ಟಳು, ನಾನು ಹಾಗೆಂದೇ ತಿಳಿದಿದ್ದೇನೆ. ಮುಕ್ರಮ, "ಸರ್ವರ್ ಕೈ ಕೊಟ್ಟಿತ್ರಿ ಸಾಹೇಬ್ರ" ಎಂದ. ಭಾಗ್ಯಾ ಚೀಲ ಹೆಗಲಿಗೇರಿಸಿ ನನ್ನ ಪಕ್ಕದಿಂದ ಹೊರಗೆ ಹೋದಳು. ನನಗೆ ಆ ಕ್ಷಣ ಅವನ ಕೆನ್ನೆಗೊಂದು ಬಾರಿಸಬೇಕೆನಿಸಿತು, ಸುಳ್ಳು ಯಾಕೆ ಹೇಳಲಿ.

ಅಡ್ಮಿಷನ್ ಮುಗಿಯಿತು. ಭಾಗ್ಯಾ ತಾನಾಗಿಯೇ ಕೇಳಿ ಜೇವರ್ಗಿಗೆ ವರ್ಗ ಮಾಡಿಸಿಕೊಂಡಳು, ಮುಖ್ಯಸ್ಥೆಯ ಕೆಲಸ ಬೇಡವೆಂದಳು. ಕುರ್ಚಿ ಮುಕ್ರಮನಿಗೇ ಸಿಕ್ಕಿತು. ಬಾಗಿಲಿಗೆ ಹೆಸರಿನ ಫಲಕ ಬಂತು. ಫೋನು ಮತ್ತೆ ಬೆಳಗಿನಿಂದ ಸಂಜೆಯವರೆಗೆ "ಮುಕ್ರಮ ಸರ ಅದಾರೇನ್ರಿ?" ಎನ್ನತೊಡಗಿತು. ಜೇವರ್ಗಿಯಿಂದ ಮಾತ್ರ ಒಂದೂ ಬರುವುದಿಲ್ಲ. ಅಲ್ಲಿಯದನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ, ಏನನ್ನೂ ಕೇಳುವುದಿಲ್ಲ.

ಹೋದ ತಿಂಗಳು ಅಲ್ಲಿಯ ಲೈಬ್ರರಿ ಜೋಡಿಸಿಕೊಡಲು ಎರಡು ದಿನ ಜೇವರ್ಗಿಗೆ ಹೋಗಿದ್ದೆ. ತಿರುಗಿ ಬಂದ ದಿನ ಮುಕ್ರಮ ತಾನೇ ಚಹಾ ತರಿಸಿ ನನ್ನನ್ನು ಏಸಿ ಕೋಣೆಗೆ ಕರೆದ. ಅಲ್ಲಿ ಹೇಗಿದೆ, ಏನು ಎಂದು ಸುತ್ತಿ ಬಳಸಿ ಕೇಳಿದ.

"ಇರಮ ಅಂತ ಒಬ್ಬ ಹೊಸ ಹುಡುಗಿ ಬಂದಾಳಂತ, ಖರೇನ್ರಿ ಅಕ್ಕಾ?"

"ಹೌದು. ಭಾಗ್ಯಾನೇ ಕಲಿಸಾಕತ್ತಾಳ್ರಿ."

"ಬಾಜೂಕ ಕುಂದರಸ್ಕೊಂಡು?"

"ಮತ್ತೇನ್ರಿ, ತಲಿ ಮ್ಯಾಲ ಕುಂದರಸ್ಕೋತಾರ?"

ಲೋಟ ಕೆಳಗಿಟ್ಟ. "ಚುರುಕ ಅದಾಳೇನು? ಅಕಿಗಿ ಅಷ್ಟ ಲಗೂನ ಬರಂಗಿಲ್ಲ ಬಿಡ್ರಿ." ಕಾಣದ ಹುಡುಗಿಯ ಮೇಲೂ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದ: "ನನ್ನ ಸುದ್ದಿ ಏನರ ಬಂತೇನ್ರಿ?"

ಬಣ್ಣ ಹಚ್ಚಿ ಹೇಳಬಹುದಿತ್ತು. ಹಚ್ಚಲಿಲ್ಲ.

"ಇರಮ ಕೇಳಿದಳು, ಈ ಕಮಾಂಡ್ ಎಲ್ಲ ನಿಮಗ ಯಾರ ಕಲಿಸಿದ್ರು ಅಕ್ಕಾ ಅಂತ."

ಮುಕ್ರಮ ಕುರ್ಚಿಯ ತುದಿಗೆ ಬಂದ. "ಏನಂದಳು?"

"ಯಾರೂ ಇಲ್ಲ, ಪುಸ್ತಕ ಓದಿ ಕಲತೆ ಅಂದಳು."