ಕಿವಿ ಮೇಷ್ಟ್ರು

ನಮ್ಮ ಶಾಲೆಯ ಮರಗೆಲಸದ ಮೇಷ್ಟ್ರಿಗೆ ನಾವಿಟ್ಟ ಹೆಸರು ಕಿವಿ ಮೇಷ್ಟ್ರು. ಹಬೆಯಲ್ಲಿ ಬೆಂದ ಮರದ ಪಟ್ಟಿಯನ್ನು ಅಚ್ಚಿಗೆ ಬಗ್ಗಿಸುವಾಗ, ಸೀಳುವ ಮುನ್ನ ಅದು ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಆ ಸದ್ದಿಗೇ ಅವರು "ನಿಲ್ಸು" ಅನ್ನುತ್ತಿದ್ದರು. ಮರ ಕೆಮ್ಮಿದರೂ ಮೇಷ್ಟ್ರಿಗೆ ಕೇಳುತ್ತದೆ ಎಂದು ನಾವು ನಗುತ್ತಿದ್ದೆವು. ಮೂವತ್ತು ವರ್ಷದಲ್ಲಿ ಒಂದು ಮಗುವಿಗೂ ಪೆಟ್ಟಾಗಿರಲಿಲ್ಲ.

ಆ ದಿನ ಕುರ್ಚಿಯ ಬೆನ್ನಿಗೆಂದು ನಾನು ಪಟ್ಟಿ ಬಗ್ಗಿಸುತ್ತಿದ್ದೆ. ಚಿಟಿಚಿಟಿ ಶುರುವಾಯಿತು. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು, "ಇನ್ನೂ ಬಗ್ಸಮ್ಮ, ಹೆದರ್ಬೇಡ" ಎಂದರು. ನಾನು ಕೈ ತಡೆದೆ. ಆದರೂ ಹೇಳಿದವರು ಮೇಷ್ಟ್ರಲ್ಲವೇ, ಬಗ್ಗಿಸಿದೆ. ಪಟ್ಟಿ ಫಟ್ಟೆಂದು ಸೀಳಿತು. ಒಂದು ಸಿಬಿರು ನನ್ನ ಕಣ್ಣಿನ ಕೆಳಗೇ ಗೀರಿಕೊಂಡು ಹೋಯಿತು.

ಕೆನ್ನೆಯ ರಕ್ತ ನೋಡಿ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವರಿಗೆ ಆ ಚಿಟಿಚಿಟಿ ಕೇಳಿಸಿರಲೇ ಇಲ್ಲವೆಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಓಡಿ ಬಂದು, "ಯಾರ ತಪ್ಪಿದು?" ಎಂದು ಗದರಿದರು.

"ಮೇಷ್ಟ್ರು ನಿಲ್ಸು ಅಂದ್ರು ಸಾರ್. ನನಗೇ ಕೇಳಿಸ್ಲಿಲ್ಲ" ಎಂದು ಮೆಲ್ಲಗೆ ಹೇಳಿದೆ.

ನಾನು ಹೇಳಿದ್ದೇನೆಂದು ತಿಳಿಯದೆ, ಮೇಷ್ಟ್ರು ಹೆದರಿದ ಕಣ್ಣುಗಳಿಂದ ನನ್ನ ತುಟಿಯನ್ನೇ ನೋಡುತ್ತಿದ್ದರು.