ಟೀವಿಗೆ ಎದುರುತ್ತರ ಕೊಡುತ್ತಿದ್ದ ನಿಂಗತ್ತೆ

"ಎಮ್ಮೆ ಕಟ್ಟೋ ಮನೇಲಿ ಡಿಗ್ರಿನಾ? ಆಗೋ ಮಾತಾ ಇದು!" ಎಂದವರು ನಮ್ಮ ದೊಡ್ಡಪ್ಪ ಚಿಕ್ಕೇಗೌಡರು. ಅಪ್ಪ ಇಲ್ಲದ ನನಗೆ ಅವರ ಮಾತೇ ಕೊನೆ. ಪಾಂಡವಪುರದಲ್ಲಿ ಪಿಯುಸಿ ಮುಗಿಸಿ, ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಕಟ್ಟುತ್ತೇನೆಂದು ಅವರ ಮುಂದೆ ನಿಂತಿದ್ದೆ. ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ. ಬಿಟ್ಟವಳು ಅವರ ತಂಗಿ, ನನ್ನ ಸೋದರತ್ತೆ ನಿಂಗಮ್ಮ. "ಯಾಕಾಗಾಕಿಲ್ಲ ಬುಡಣ್ಣ? ಓದಾಕೆ ಓಗೋಳು ಇವ್ಳು, ನಿನ್ನೆಮ್ಮೆ ಅಲ್ವಲ್ಲ!"

ನಿಂಗತ್ತೆ ಗಂಡ ತೀರಿಕೊಂಡ ಮೇಲೆ ಶೀಳನೆರೆಯಿಂದ ಚಿನಕುರಳಿಯ ತವರಿಗೆ ಬಂದವಳು. ಓದು ಬರಹ ಬಾರದು. ಎದುರುತ್ತರ ಕೊಡುವುದರಲ್ಲಿ ಮಾತ್ರ ಮನುಷ್ಯರು, ಟೀವಿ ಎಂಬ ಭೇದ ಅವಳಿಗಿರಲಿಲ್ಲ. ಆಗ ನಮಗೆಲ್ಲ ಪಂಚಾಯ್ತಿ ಟೀವಿಯೇ ಗತಿ. ಅದನ್ನಿಟ್ಟಿದ್ದ ಮರದ ಪೆಟ್ಟಿಗೆಯ ಬೀಗದ ಕೈ ನೀರುಗಂಟಿ ಸಿದ್ದಣ್ಣನ ಉಡಿದಾರದಲ್ಲಿ. ಸಂಜೆ ವಾರ್ತೆ ಓದುವಾಕೆ ನಮಸ್ಕಾರ ಎಂದರೆ ಅತ್ತೆ ಮುಂದಿನ ಸಾಲಿನಿಂದ, "ನಮಸ್ಕಾರ ಕಣವ್ವ, ಉಂಡ್ಯಾ?" ಎನ್ನುವಳು. ಕೃಷಿ ಕಾರ್ಯಕ್ರಮದ ರೈತ ಕಂಡರೆ, "ನೋಡ್ಲಾ ಸಿದ್ದ, ಪಂಚೇಲಿ ಒಂದು ತೊಟ್ಟು ಕೆಸರಿಲ್ಲ. ಗದ್ದೆಗೆ ಒಂಟವ್ನೋ, ಮದ್ವೆಗೋ?" ಚಿತ್ರ ನಿಂತು, ಅಡಚಣೆಗಾಗಿ ವಿಷಾದಿಸುತ್ತೇವೆ ಎಂಬ ಬರಹ ಮೂಡಿದರೆ ನಾನು ಓದಿ ಹೇಳಬೇಕು. "ಸರ್ಕಾರದಲ್ಲಿ ತಪ್ಪಾಯ್ತು ಅನ್ನೋದು ಇದೊಂದೇ ಕಣಮ್ಮಿ. ತಾಲ್ಲೂಕಾಪೀಸಿನೋರಿಗೂ ಇದ ಕಲುಸ್ಬೇಕು."

ಒಂದು ಸಂಜೆ ಟೀವಿಯಲ್ಲಿ ಯಾರೋ ಸೀಮೆಹಸುವಿನ ಕೆಚ್ಚಲು ತೊಳೆಯದೆ ಹಾಲು ಕರೆಯುವುದನ್ನು ತೋರಿಸಿದರು. ಅತ್ತೆಗೆ ತಡೆಯಲಾಗಲಿಲ್ಲ. ಮರುದಿನ ನನ್ನಿಂದ ಟೀವಿಯವರಿಗೆ ಕಾರ್ಡು ಬರೆಸಿದಳು. "ಕೆಚ್ಲು ತೊಳೀದೆ ಕರುದ್ರೆ ಹಾಲು ಕೆಡ್ತದೆ. ದೇಶಕ್ಕೆಲ್ಲ ತೋರ್ಸೋರು ಇಂಗೆ ತೋರುಸ್ಬೋದಾ?" ಮೂರು ವಾರವಾದ ಮೇಲೆ ಪತ್ರಗಳಿಗೆ ಉತ್ತರ ಕೊಡುವ ಹೊತ್ತಿನಲ್ಲಿ, ಚಿನಕುರಳಿಯ ನಿಂಗಮ್ಮನವರು ನಮ್ಮ ಹೈನುಗಾರಿಕೆ ಕಾರ್ಯಕ್ರಮವನ್ನು ಮೆಚ್ಚಿಕೊಂಡಿದ್ದಾರೆ ಎಂದುಬಿಟ್ಟರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಧಡಕ್ಕನೆ ಎದ್ದಳು. "ನಾನೆಲ್ಲಿ ಮೆಚ್ಕಂಡೆ? ಸುಳ್ಳು ಸೇರುಸ್ಬುಟ್ರಲ್ಲಮ್ಮಿ!"

ಅಂದಿನಿಂದ ಯಾವ ಕಾಗದ ಬರೆದರೂ ಕೊನೆಗೆ ನನಗೆ ಅದೇ ಅಪ್ಪಣೆ: "ಓದಿ ಹೇಳು. ಸುಳ್ಳು ಸೇರಿಸ್ಬೇಡ."

ಮೊದಲ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಮಧ್ಯಾಹ್ನ ಒಂದು ಗಂಟೆಗೆ ಕಾಲೇಜಿನವರಿಗೆಂದು ಟೀವಿಯಲ್ಲಿ ಬೇರೆ ಬೇರೆ ವಿಷಯದ ಪಾಠಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಕೇಳಿ ಕೇಳಿಯಾದರೂ ಕಿವಿ ಪಳಗೀತು ಎಂಬ ಆಸೆ ನನ್ನದು. ಆದರೆ ಆ ಹೊತ್ತಿನಲ್ಲಿ ಪಂಚಾಯ್ತಿ ಜಗಲಿಯ ತುಂಬ ಇಸ್ಪೀಟಿನ ಗಂಡಸರು. "ನಿಂಗಿ ಜೊತೇಲಿದ್ರೆ ಓಗು, ಇಲ್ದಿದ್ರೆ ಓದೂ ಬ್ಯಾಡ, ಏನೂ ಬ್ಯಾಡ," ಎಂದರು ದೊಡ್ಡಪ್ಪ. ಮಧ್ಯಾಹ್ನ ಬೀಗ ತೆಗೆಯಲು ಆರ್ಡರಿಲ್ಲ ಎಂದ ಸಿದ್ದಣ್ಣ. ಅತ್ತೆ ಅವನ ಮನೆಗೆ ಹಾಲು ಕರೆಯುವ ಸೋರೆಯ ತುಂಬ ಗಿಣ್ಣು ಕಳಿಸಿದಳು. ಮಾರನೆಯ ದಿನ, "ಗಿಣ್ಣು ತಿಂದ ಬಾಯಲ್ಲಿ ಇಲ್ಲ ಅಂದ್ರೆ ಹಸ ಒದೀತದೆ ಕಣ್ಲಾ," ಎಂದಳು. ಬೀಗ ತೆರೆಯಿತು.

ಒಂದಕ್ಷರ ಅರ್ಥವಾಗದ ಪಾಠದ ಮುಂದೆ ಅವಳು ಎರಡು ವರ್ಷ ಕೂತಳು. ನಾಟಿಯ ದಿನಗಳಲ್ಲಿ ನಾನು ಗದ್ದೆಗೆ ಹೋದರೆ ಒಬ್ಬಳೇ ಹೋಗಿ ನೋಡಿಕೊಂಡು ಬರುವಳು. ಹಾಗೊಂದು ದಿನ ಅಲ್ಲಿ ಕಂಡ ಚಿತ್ರವನ್ನು ಕೊಟ್ಟಿಗೆಯ ನೆಲದಲ್ಲಿ ಇದ್ದಿಲಿನಿಂದ ಗೀರಿ ಹೇಳಿದಳು: "ಇದು ಸಮುದ್ರ. ಗಾಳಿ ನೀರು ಒತ್ಕಂಡು ಬತ್ತದೆ, ಬೆಟ್ಟಕ್ಕೆ ಗುದ್ದುತದೆ, ಆ ಕಡೇಕೆ ಸುರಿದ್ಬುಡ್ತದೆ. ಈ ಕಡೆ ನಾವು. ಬರೀ ಗಾಳಿ. ಅದ್ಕೇ ಕಣಮ್ಮಿ ನಮ್ಗೆ ಕಾಲುವೆ." ನನ್ನ ಪುಸ್ತಕದಲ್ಲಿ ಎರಡು ಪುಟವಿದ್ದ ಮಳೆನೆರಳಿನ ಪಾಠ ಇಷ್ಟೆ. ಪರೀಕ್ಷೆಯಲ್ಲಿ ಅದು ಬರಲಿಲ್ಲ. ಆದರೆ ಇವತ್ತಿಗೂ ನನಗೆ ಮರೆಯದ ಪಾಠ ಅದೊಂದೇ.

ಕೊನೆಯ ವರ್ಷದ ಒಂದು ಮಧ್ಯಾಹ್ನ ಟೀವಿಯಲ್ಲಿ ಒಬ್ಬಾಕೆ ನೇಯುತ್ತಿದ್ದಳು. ಮಗ್ಗ ಲಟಲಟ ಸದ್ದು ಮಾಡುತ್ತಿತ್ತು. "ಒಲಿಯೋ ಮಿಷನ್ನಾ ಅದು?" ಎಂದಳು ಅತ್ತೆ. ನಾನು ತಿರುಗಿ ನೋಡಿದೆ. ಅವಳ ಮುಖ ಟೀವಿಯ ಕಡೆಗಿರಲಿಲ್ಲ, ಪಕ್ಕದ ಗೋಡೆಯ ಕಡೆಗಿತ್ತು. ಕಣ್ಣ ಮುಂದೆ ಕೈಯಾಡಿಸಿದೆ. ರೆಪ್ಪೆ ಅಲುಗಲಿಲ್ಲ.

"ಎಷ್ಟು ದಿನದಿಂದ ಅತ್ತೆ?"

"ಕಳ್ದ ದೀಪಾವಳಿಯಿಂದ ಮಂಜು ಮಂಜು. ಕೂಗ್ಬೇಡ. ಕಣ್ಣಿಲ್ದೋಳು ಏನು ಕಾವಲು ಕಾಯ್ತಾಳೆ ಅಂದು ನಿಮ್ ದೊಡ್ಡಪ್ಪ ನಿನ್ನ ಬುಡಾಕಿಲ್ಲ. ಪರೀಕ್ಷೆ ಆಗೋಗ್ಲಿ."

ನಾನು ದೊಡ್ಡಪ್ಪನಿಗೆ ಹೇಳಿಬಿಟ್ಟೆ. ಆ ವಾರವೇ ಇಬ್ಬರೂ ಅವಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ಮರುದಿನ ಒಂದು ಗಂಟೆಗೆ ದೊಡ್ಡಪ್ಪನೇ ಅತ್ತೆಯ ಕೈಹಿಡಿದು ಪಂಚಾಯ್ತಿಗೆ ನಡೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂರಿಸಿದರು. ಅಲ್ಲಿಂದ ಮುಂದೆ, ತೆರೆಯ ಮೇಲೆ ಬಂದದ್ದನ್ನು ನಾನು ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ನನ್ನ ಇಂಗ್ಲಿಷು ಪಳಗಿದ್ದು ಹಾಗೆ.

ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವ ಮೊದಲೇ ಅತ್ತೆ ಕಾಮಾಲೆಯಲ್ಲಿ ಹೋಗಿಬಿಟ್ಟಳು. ಹನ್ನೆರಡು ದಿನ ಮಲಗಿದ್ದಳು. "ಬಂತಾ?" ಎಂದು ದಿನಾ ಕೇಳುತ್ತಿದ್ದಳು. ಬಂತು ಎಂದು ಒಂದು ಸುಳ್ಳು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಅವಳಿಗೆ ನಾನು ಸುಳ್ಳು ಸೇರಿಸಿ ಏನನ್ನೂ ಓದಿದವಳಲ್ಲ.

ಸರ್ಟಿಫಿಕೇಟು ಕೈಗೆ ಬಂದಾಗ ಅತ್ತೆ ಹೋಗಿ ವರ್ಷ ತುಂಬುತ್ತಿತ್ತು. ಮೈಸೂರಿನಿಂದ ತಂದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಅದನ್ನು ಹಿಡಿದರು. ಅವರಿಗೂ ಓದು ಬಾರದು. ತಿರುವಿ ತಿರುವಿ ನೋಡಿದರು. ಆಮೇಲೆ ಎದ್ದು ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಅತ್ತೆ ಹಾಲು ಕರೆಯಲು ಕೂರುತ್ತಿದ್ದ ಮಣೆಯ ಮೇಲೆ ಕೂತು, ಕಾಗದವನ್ನು ನನಗೇ ವಾಪಸು ಚಾಚಿದರು.

"ಓದಿ ಹೇಳವ್ವ," ಎಂದರು. "ಜೋರಾಗಿ ಓದು. ಸುಳ್ಳು ಸೇರಿಸ್ಬೇಡ."