ರುಚಿ ನೋಡದ ಹುಗ್ಗಿ

ನಿಮ್ಮ ಅವ್ವನಿಗೆ ಹುಗ್ಗಿ ಮಾಡಲು ಬರುವುದಿಲ್ಲವೆಂದು ನೀವೆಲ್ಲ ನಗುತ್ತೀರಿ. ಅದು ಅವಳ ತಪ್ಪಲ್ಲ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮಗಳನ್ನು, ಅಂದರೆ ನಿಮ್ಮ ಅವ್ವನನ್ನು, ಕರೆದುಕೊಂಡು ನಾನು ಪುಣೆಗೆ, ಅವರ ಅಣ್ಣನ ಮನೆಗೆ ಬಂದೆ. ಭಾವನವರು ಬಟ್ಟೆಯ ಅಂಗಡಿಯಲ್ಲಿ ಗುಮಾಸ್ತರು. ಅವರಿದ್ದ ಹಳೆಯ ದೊಡ್ಡ ಮನೆ, ವಾಡೆಯ ಹಿಂಬದಿಯ ಕತ್ತಲೆ ಅಡಿಗೆಮನೆ ನನ್ನ ಪಾಲಿಗೆ ಬಂತು. ನಸುಕಿನಲ್ಲೆದ್ದು ನಳದ ನೀರು ತುಂಬುವುದು, ಒಲೆ ಹಚ್ಚುವುದು, ಜೋಳದ ಭಕ್ಕರಿ ಬಡಿಯುವುದು. ಕೂತರೆ ಏಳಲಾಗದು, ಎದ್ದರೆ ಕೂಡಲಾಗದು, ಹಾಗಾಗಿತ್ತು ಸೊಂಟ.

ಮಗಳು ಮರಾಠಿ ಶಾಲೆಗೆ ಹೋಗುತ್ತಿದ್ದಳು. ಲೆಕ್ಕದಲ್ಲಿ ಒಮ್ಮೆ ನಪಾಸಾಗಿದ್ದಳು. ಮತ್ತೆ ನಪಾಸಾದರೆ ಶಾಲೆ ಬಿಡಿಸುವುದೇ ಎಂದು ಭಾವನವರು ಹೇಳಿಬಿಟ್ಟಿದ್ದರು. ಬಿಡಿಸಿದರೆ ಅವಳು ಬಂದು ಕೂಡುವುದು ಆ ಹೊಗೆಯಲ್ಲಿ, ನನ್ನ ಪಕ್ಕದಲ್ಲಿ.

ಒಂದೂವರೆ, ಎರಡೂವರೆಗಳ ಗುಣಾಕಾರ ಬಂದಲ್ಲಿ ಅವಳು ಎಡವುತ್ತಿದ್ದಳು. ನಾನು ಹಳ್ಳಿಯ ಶಾಲೆಯಲ್ಲಿ ಒಂದೂವರೆಯ ಮಗ್ಗಿಯನ್ನು ಅರ್ಧಗಳನ್ನೂ ಸೇರಿಸಿ ರಾಗವಾಗಿ ಹೇಳಿ ಕಲಿತವಳು. ಉತ್ತರ ನಾಲಿಗೆಯ ಮೇಲಿತ್ತು. ಅದು ಹೇಗೆ ಬಂತು ಎಂದು ಮಗಳು ಕೇಳಿದರೆ ಮತ್ತೆ ಮಗ್ಗಿಯನ್ನೇ ಹೇಳುತ್ತಿದ್ದೆ.

ಒಂದು ಹಬ್ಬದ ದಿನ ಗೋಧಿ ಹುಗ್ಗಿಯಾಗಬೇಕಿತ್ತು. ಎರಡೂವರೆ ಸೇರು ಗೋಧಿ ಬೇಯುತ್ತಿತ್ತು. ಸೇರಿಗೆ ಒಂದೂವರೆ ಸೇರು ಬೆಲ್ಲದ ಪುಡಿ ನಮ್ಮ ಮನೆಯ ಅಳತೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಅಳತೆ ತಪ್ಪಿದರೆ ಊಟಕ್ಕೆ ಕೂತಾಗಲೇ ಗೊತ್ತಾಗುವುದು. ಸ್ನಾನ ಮಾಡಿ ಬಂದಿದ್ದ ಮಗಳಿಗೆ ಬೆಲ್ಲ ಅಳೆಯಲು ಹೇಳಿದೆ.

"ಎರಡೂಕಾಲು ಸೇರು ಅಳದೇನವ್ವ."

"ಅದ್ಹೆಂಗ?"

"ಎರಡು ಒಂದಲೆ ಎರಡು. ಅರ್ಧದಾಗ ಅರ್ಧ ಕಾಲು. ಆತಲ್ಲ?"

ನನ್ನ ಮಗ್ಗಿ ಬೇರೆ ಹೇಳುತ್ತಿತ್ತು. ಅಷ್ಟರಲ್ಲಿ ಭಾವನವರ ಹೆಂಡತಿ, ನಮ್ಮ ವೈನಿ, ಹೊರಗಿನಿಂದ ಕೂಗಿದರು. "ಏನವಾ, ದೇವರಿಗೆ ಹಸಿವ್ಯಾಗೇದ! ಒಲಿ ಮುಂದ ಸಾಲಿ ತಗದೀರೇನು ತಾಯಿ ಮಗಳು?"

ನಾನು ಮೂರು ತಾಟು ಇಟ್ಟೆ. "ಇದು ಒಂದು ಸೇರು ಗೋಧಿ ಅನ್ಕೋ. ಇದೂ ಒಂದು ಸೇರು. ಇದು ಅರ್ಧ. ಅವರವರ ಬೆಲ್ಲ ಅವರಿಗೆ ಹಾಕು."

ಮೊದಲನೆಯದಕ್ಕೆ ಒಂದೂವರೆ ಹಾಕಿದಳು. ಎರಡನೆಯದಕ್ಕೆ ಮುಕ್ಕಾಲು ಬೀಳುವಷ್ಟರಲ್ಲಿ ಅಳೆದಿಟ್ಟಿದ್ದ ಬೆಲ್ಲ ಮುಗಿಯಿತು.

"ಮೂರನೇದು?" ಎಂದೆ.

"ಅದು ಏಕಾದಶಿ ಮಾಡ್ಲಿ," ಎಂದು ನಕ್ಕಳು. ನಗು ನಿಂತಿತು. ತಾಟುಗಳನ್ನೇ ನೋಡುತ್ತ ಕೂತಳು. "ಅವ್ವ, ಎರಡು ಸೇರಿಗೆ ಬರೋ ಅರ್ಧರ್ಧ ನಾ ಕೊಟ್ಟೇ ಇಲ್ಲ. ಅರ್ಧ ಸೇರಿಗೆ ಬರೋ ಒಂದರ ಪಾಲೂ ಕೊಟ್ಟಿಲ್ಲ."

ಡಬ್ಬಿಯಿಂದ ಮತ್ತೆ ಬೆಲ್ಲ ತಂದಳು. ಎರಡನೆಯ ತಾಟು ಒಂದೂವರೆಗೆ ತುಂಬಿತು. ಮೂರನೆಯದಕ್ಕೆ ಒಂದೂವರೆಯ ಅರ್ಧ, ಮುಕ್ಕಾಲು. ಎಲ್ಲ ಕೂಡಿಸಿ, "ಮೂರೂಮುಕ್ಕಾಲು!" ಎಂದಳು. ಮಗ್ಗಿಯಲ್ಲಿದ್ದದ್ದೂ ಅದೇ. ಅದು ಯಾಕೆ ಅಷ್ಟು ಎಂದು ನನಗೂ ಅವತ್ತೇ ತಿಳಿದದ್ದು. ಊಟದಲ್ಲಿ ಭಾವನವರು ಎರಡು ಸಲ ಹುಗ್ಗಿ ಹಾಕಿಸಿಕೊಂಡರು.

ಆ ವರ್ಷ ಅವಳು ಪಾಸಾದಳು. ಸುದ್ದಿ ಕೇಳಿ ವೈನಿ ಭಾವನವರಿಗೆ ಅಂದರು: "ಹುಗ್ಗಿ ಅಳತಿ ಬಂತು, ಲೆಕ್ಕಾನೂ ಬಂತು. ಇನ್ನ ಸಾಲಿ ಯಾಕ್ರೀ? ಒಲಿ ಮುಂದ ಕೂಡ್ಲಿ. ಈಕಿಗೂ ಸೊಂಟ ನೋವು."

ಭಾವನವರೆದುರು ನಾನು ಎಂದೂ ಮಾತಾಡಿದವಳಲ್ಲ. ಬಾಗಿಲ ಮರೆಯಿಂದ, "ಒಲಿ ಮುಂದ ನಾ ಅದೀನ್ರಿ," ಎಂದೆ. ನನ್ನ ದನಿ ನನಗೇ ಪರಕೀಯ ಅನ್ನಿಸಿತು.

"ಹಂಗಾದ್ರ ಸಾಲಿಗೆ ಹೋಗ್ಲಿ," ಎಂದರು ಭಾವನವರು.

ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಸೊಂಟ ನೋಯಲಿ, ಜ್ವರ ಬರಲಿ, ಆಮೇಲಿನ ಹಬ್ಬಗಳ ಹುಗ್ಗಿಯನ್ನೆಲ್ಲ ನಾನೊಬ್ಬಳೇ ತಿರುವಿದೆ. ಬೆಲ್ಲ ಅಳೆಯಲು ಮಾತ್ರ ಅವಳನ್ನು ಕರೆಯುತ್ತಿದ್ದೆ. ಅಳೆದು ಕೊಟ್ಟ ಕೂಡಲೇ, ಹುಗ್ಗಿ ಮಾಡುವುದನ್ನು ನೋಡಿ ಕಲಿಯುವ ಮೊದಲೇ, ಹೊರಗೆ ಕಳಿಸುತ್ತಿದ್ದೆ.